ಮಂಡಿ ಆಪರೇಷನ್ ಆದ ಮೇಲೆ ಬಾತ್‌ರೂಮ್ ರಿಪೇರಿ: ಮನೆಯಲ್ಲೇ ಇರಬೇಕಾ, ಬೇರೆ ಕಡೆ ಹೋಗಬೇಕಾ?

ಅಮ್ಮನಿಗೆ ಮಂಡಿ ಬದಲಿಸುವ ಆಪರೇಷನ್ ಆಯಿತು. ನಮ್ಮ ಮನೆಯಲ್ಲಿದ್ದದ್ದು ಕುಕ್ಕರುಗಾಲಲ್ಲಿ ಕೂರುವ ಟಾಯ್ಲೆಟ್. ಕಮೋಡ್ ಹಾಕಿಸಲೇಬೇಕಿತ್ತು. ಮೊದಲ ಎಂಟು ದಿನ ಮನೆಯಲ್ಲೇ ಇದ್ದೆವು, ಆಮೇಲೆ ಅಕ್ಕನ ಮನೆಗೆ ಹೋದೆವು.

ಮನೆಯಲ್ಲಿದ್ದರೆ ಒಂದು ದೊಡ್ಡ ಅನುಕೂಲ ಇದೆ. ಗೋಡೆಯ ಹಿಡಿಕೆ ಎಷ್ಟು ಎತ್ತರದಲ್ಲಿ ಬೇಕು ಅಂತ ಅಮ್ಮನನ್ನೇ ಕೇಳಿ ಮೇಸ್ತ್ರಿಗೆ ಗುರುತು ಹಾಕಿಕೊಡಬಹುದು. ಆದರೆ ಧೂಳು ತುಂಬಾ ಜಾಸ್ತಿ. ಟೈಲ್ಸ್ ಕತ್ತರಿಸುವಾಗ ಏಳುವ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಬಿಟ್ಟುಕೊಂಡು, ಮನೆಯ ಹೊರಗೆ ಕತ್ತರಿಸಲು ಹೇಳಿ. ನನಗೆ ಅದಕ್ಕಿಂತ ಭಯವಾಗಿದ್ದು ನೆಲ ನೋಡಿ. ಎಲ್ಲಿ ನೋಡಿದರೂ ವಯರು, ಮರಳು, ಒಡೆದ ಚೂರು. ವಾಕರ್ ಹಿಡಿದು ನಡೆಯುವವರಿಗೆ ಒಂದು ವಯರ್ ಸಾಕಲ್ವಾ? ಅಮ್ಮ ಹೆದರಿ ನಡೆಯೋದನ್ನೇ ಕಡಿಮೆ ಮಾಡಿದಳು. ಮಂಡಿಗೆ ಬೇಕಾದದ್ದೇ ನಡಿಗೆ.

ಅಕ್ಕನ ಮನೆಯಲ್ಲಿ ನಿದ್ದೆ ಬಂತು, ವ್ಯಾಯಾಮ ಮತ್ತೆ ಶುರುವಾಯಿತು. ತೊಂದರೆ ಅಂದರೆ ದಿನಾ ಓಡಾಟ, ಎರಡು ಕಡೆ ಖರ್ಚು. ನಾವಿಲ್ಲದ ದಿನ ಕೆಲಸವೂ ನಿಧಾನ.

ಮನೆಯಲ್ಲಿ ಇನ್ನೊಂದು ಕಮೋಡ್ ಇದ್ದು, ಮಲಗುವ ಕೋಣೆ ಕೆಲಸ ನಡೆಯುವ ಜಾಗದಿಂದ ದೂರ ಇದ್ದರೆ ಅಲ್ಲೇ ಇರಿ. ಇರೋದು ಒಂದೇ ಟಾಯ್ಲೆಟ್ ಆದರೆ ಹೊರಡಿ. ಹೊರಡುವ ಮುಂಚೆ ಹೋಗುವ ಮನೆಯಲ್ಲಿ ಕಮೋಡ್ ಇದೆಯಾ, ಮೆಟ್ಟಿಲು ಎಷ್ಟು ಅಂತ ನೋಡಿಕೊಳ್ಳಿ.