ಆಟದ ಪೆಟ್ಟಿಗೆ ಬಂತು, ಒಳಗೆ ಆಟವಿರಲಿಲ್ಲ

ಮಕ್ಕಳಿಗಾಗಿ ಹಳೆಯ ವಿಡಿಯೋ ಗೇಮ್ ಕೊಳ್ಳುವವರು ಹಣ ಕಳಿಸುವ ಮೊದಲು ಇದನ್ನೊಮ್ಮೆ ಓದಿ.

ನನ್ನ ಭಾವ ದುಬೈಯಿಂದ ಬರುವಾಗ ಮಗಳಿಗೆ ನಿಂಟೆಂಡೊ ಸ್ವಿಚ್ ಎಂಬ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರ ತಂದುಕೊಟ್ಟಿದ್ದರು. ರಕ್ತ, ಗುಂಡಿನ ಸದ್ದು ಇಲ್ಲದ ಆಟ ಬೇಕೆಂದು ಹುಡುಕುತ್ತಿದ್ದಾಗ ಅವಳಿಗೊಂದು ಆಟ ಹಿಡಿಸಿತು: ಪುಟ್ಟ ಡ್ರ್ಯಾಗನ್ ಮರಿಯೊಂದು ತೇಲುವ ಬಂಡೆಗಳ ಮೇಲೆ ನೆಗೆಯುತ್ತ ಮಾಯಾಲೋಕ ದಾಟುವ ಆಟ. ಮೊಬೈಲಿನಲ್ಲಿ ಸಿಕ್ಕ ಮಾರಾಟಗಾರನೊಬ್ಬ 1,800 ರೂಪಾಯಿಗೆ ಕೊಡುತ್ತೇನೆಂದ. ಅದರಲ್ಲಿ 700 ರೂಪಾಯಿ, ವಿಷುವಿನ ದಿನ ಹಿರಿಯರು ಅವಳ ಕೈಗಿತ್ತ ಹಣ.

ಬದಿಯಡ್ಕದ ನಮ್ಮ ಮನೆಗೆ ಪಾರ್ಸೆಲ್ ಬಂದ ದಿನ ಅವಳು ಶಾಲೆಯ ಚೀಲವನ್ನೂ ಇಳಿಸದೆ ಪೆಟ್ಟಿಗೆ ಬಿಚ್ಚಿದಳು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಕಾರ್ಟ್ರಿಡ್ಜ್, ಅಂದರೆ ಆಟ ತುಂಬಿದ ಪುಟ್ಟ ಕಾರ್ಡು, ಇರಬೇಕಾದ ಜಾಗ ಖಾಲಿ. ಒಂದು ಕಾಗದದ ಚೂರು ಮಾತ್ರ ಇತ್ತು. "ಅಪ್ಪಾ, ಕೆಳಗೆ ಬಿದ್ದಿರಬಹುದು" ಎಂದು ಅವಳು ಮೇಜಿನಡಿ ಹುಡುಕಿದಳು, ಚಾಪೆ ಎತ್ತಿ ಕೊಡವಿದಳು. ಕಾಗದದಲ್ಲಿದ್ದ 16 ಅಕ್ಷರ, ಅಂಕಿಗಳ ಕೋಡನ್ನು ನಾನು ಒತ್ತಿದರೆ, ಇದನ್ನು ಈಗಾಗಲೇ ಬಳಸಲಾಗಿದೆ ಎಂದು ಪರದೆ ಹೇಳಿತು. ಮಾರಿದವನು ಅಷ್ಟರಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದ.

ಕೆಲವು ಆಟಗಳು ಅಂಗಡಿಗೆ ಬರುವುದೇ ಹೀಗೆ ಎಂದು ಆಮೇಲೆ ತಿಳಿಯಿತು. ಪೆಟ್ಟಿಗೆಯಲ್ಲಿ ಡೌನ್‌ಲೋಡ್ ಕೋಡ್ ಮಾತ್ರ ಇರುತ್ತದೆ. ಒಮ್ಮೆ ಬಳಸಿದರೆ ಮುಗಿಯಿತು. ಈ ಮಾತು ಮುಖಪುಟದಲ್ಲಿಯೇ ಅಚ್ಚಾಗಿರುತ್ತದೆ. ನನಗೆ ಕಳಿಸಿದ ಫೋಟೋದಲ್ಲಿ ಅದರ ಮೇಲೆ ಬೆಲೆಯ ಚೀಟಿ ಅಂಟಿಸಿತ್ತು, ನಾನು ಸಂಶಯಪಡಲಿಲ್ಲ. ಬಳಸದ ಕೋಡೇ ಆದರೂ ಅದು ಮಾರಾಟವಾದ ಪ್ರದೇಶಕ್ಕೆ ಕಟ್ಟುಬಿದ್ದಿರುತ್ತದೆ. ಸ್ವಿಚ್ ಕಾರ್ಟ್ರಿಡ್ಜಿಗೆ ಸಾಮಾನ್ಯವಾಗಿ ಆ ತೊಡಕಿಲ್ಲ. ನಮ್ಮಂತೆ ಗಲ್ಫಿನಿಂದ ತರಿಸುವವರು ಕಾರ್ಟ್ರಿಡ್ಜನ್ನೇ ಕೇಳಬೇಕು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಆಟದ ಬದಲು ಬರೀ ಕೀಲಿ ಇರುತ್ತದೆ, ಆಟವನ್ನೆಲ್ಲ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗದ ನಮ್ಮ ಗುಡ್ಡದ ಮನೆಗಳಿಗೆ ಅದೂ ಸಂಕಟವೇ.

ಕಾರ್ಟ್ರಿಡ್ಜ್ ತೂರಿಸಿ ಆಟ ಶುರುವಾಗುವ ವಿಡಿಯೋ ಕೇಳಿ, ಪಕ್ಕದಲ್ಲಿ ಆ ದಿನದ ತಾರೀಖು ಬರೆದ ಚೀಟಿ ಇರಲಿ. ಕಾಸರಗೋಡಿನಲ್ಲೇ ಕೈಗೆ ಕೈ ಕೊಡುವುದಾದರೆ ಸ್ವಿಚ್ಚನ್ನು ಜೊತೆಗೊಯ್ದು, ಆಡಿ ನೋಡಿ, ಆಮೇಲೆ ಹಣ ಕೊಡಿ. ಮೋಸ ಗೊತ್ತಾದ ಕೂಡಲೇ ಸೈಬರ್ ವಂಚನೆಯ ದೂರು ಪಡೆಯುವ ಸಹಾಯವಾಣಿ 1930ಕ್ಕೆ ಕರೆಮಾಡಿ. ನಾನು ನಾಚಿಕೆಯಿಂದ ನಾಲ್ಕು ದಿನ ಸುಮ್ಮನಿದ್ದೆ. ಹಣವನ್ನು ತಡೆಹಿಡಿಯಬಹುದಾದ ಹೊತ್ತು ಅದು.

ದೂರಿನ ಸಂಖ್ಯೆ ಬಂದಿದೆ, ಹಣ ಬಂದಿಲ್ಲ. ಮಗಳ 700 ರೂಪಾಯಿಯನ್ನು ಅವಳ ಡಬ್ಬಿಗೆ ನಾನೇ ಹಾಕಿದ್ದೇನೆ.