ಕಲಬುರಗಿಯಲ್ಲಿ ಆರು ಮನೆಗಳ ಕಟ್ಟಡಕ್ಕೆ ಪರವಾನಗಿ: ಒಂದು ಸಲಹಾ ಕಚೇರಿಯ ಸೇವೆ ಹೇಗಿತ್ತು

ಸೇಡಂ ರಸ್ತೆಯ ಕಡೆ ನಮ್ಮ ಕುಟುಂಬಕ್ಕೆ ಸೇರಿದ 60×80 ಅಡಿಯ ನಿವೇಶನವೊಂದಿದೆ. ಅದರಲ್ಲಿ ಆರು ಮನೆಗಳ ಕಟ್ಟಡ ಕಟ್ಟಿ, ಎರಡನ್ನು ನಾವು ಇಟ್ಟುಕೊಂಡು, ಉಳಿದ ನಾಲ್ಕನ್ನು ಸಂಬಳದ ಮೇಲೆ ಬದುಕುವವರಿಗೆ ಎಟುಕುವ ಬೆಲೆಗೆ ಮಾರುವುದೆಂದು ತೀರ್ಮಾನಿಸಿದೆವು. ದಾಖಲೆ ಪರಿಶೀಲನೆಯಿಂದ ಮಹಾನಗರಪಾಲಿಕೆಯ ಕಟ್ಟಡ ಪರವಾನಗಿಯವರೆಗಿನ ಕೆಲಸವನ್ನು ನಗರದ ಖಾಸಗಿ ಸಲಹಾ ಕಚೇರಿಯೊಂದಕ್ಕೆ ಒಪ್ಪಿಸಿದ್ದೆವು. ನಿವೇಶನ ಕೈಯಲ್ಲಿಟ್ಟುಕೊಂಡು ಇಂಥದೇ ಯೋಚನೆಯಲ್ಲಿರುವ ಕುಟುಂಬಗಳು ಈ ಭಾಗದಲ್ಲಿ ಬಹಳ ಇರುವುದರಿಂದ ಆ ಸೇವೆಯ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುವುದಾದರೆ, ಕಾಗದಪತ್ರ ಓದುವುದರಲ್ಲಿ ಈ ಕಚೇರಿಯವರು ನಿಸ್ಸೀಮರು. ಪರವಾನಗಿ ಕೈಗೆ ಬಂದ ಮರುದಿನದಿಂದ ಅವರು ಯಾರೋ, ನಾವು ಯಾರೋ.

ಅವರ ಹೆಚ್ಚುಗಾರಿಕೆ ಗೊತ್ತಾದದ್ದು ನಕ್ಷೆಗೆ ಒಂದು ಗೆರೆ ಎಳೆಯುವುದಕ್ಕೂ ಮುಂಚೆ. ಖರೀದಿ ಪತ್ರ, ಖಾತಾ ಮತ್ತು ತೆರಿಗೆ ರಸೀದಿಗಳನ್ನು ನೋಡಿ ಮುಗಿಸಿದವರು 1954-55ರ ಖಾಸ್ರಾ ಪಹಣಿ ಎಂಬ ಹಳೆಯ ಜಮೀನು ದಾಖಲೆಯನ್ನೂ ಕೇಳಿದರು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಭಾಗದಲ್ಲಿ ಜಮೀನಿನ ಮೂಲ ಹುಡುಕಬೇಕಾದರೆ ಆ ದಾಖಲೆಯವರೆಗೆ ಹಿಂದಕ್ಕೆ ಹೋಗಲೇಬೇಕು, ಆದರೆ ಕೇಳುವವರು ಕಡಿಮೆ. ಇನ್ನೊಂದು ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ನಮ್ಮಲ್ಲಿ ಪ್ಲಾಟಿನ ಎಷ್ಟೋ ವ್ಯವಹಾರಗಳು ‘ಎನ್‌ಎ ಆಗ್ಯಾದ್ರಿ, ಚಿಂತಿ ಬಿಡ್ರಿ’ ಎಂಬ ಒಂದೇ ಭರವಸೆಯ ಮೇಲೆ ಮುಗಿದುಹೋಗುತ್ತವೆ. ಆದರೆ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಕೃಷಿ ಜಮೀನನ್ನು ಕೃಷಿಯೇತರ ಉಪಯೋಗಕ್ಕೆ ಪರಿವರ್ತಿಸುವ ಈ ‘ಎನ್‌ಎ’ ಆದೇಶವೇ ಬೇರೆ, ನಗರಾಭಿವೃದ್ಧಿ ಪ್ರಾಧಿಕಾರವು ರಸ್ತೆ, ಉದ್ಯಾನ, ಚರಂಡಿಗಳನ್ನು ಗುರುತಿಸಿ ನೀಡುವ ಲೇಔಟ್ ಮಂಜೂರಾತಿಯೇ ಬೇರೆ. ಮೊದಲನೆಯದಿದ್ದು ಎರಡನೆಯದಿಲ್ಲದ ನಿವೇಶನಗಳು ವರ್ತುಲ ರಸ್ತೆಯ ಆಚೀಚೆ ಕಡಿಮೆಯೇನಿಲ್ಲ. ಎರಡೂ ಆದೇಶಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಸರ್ವೆ ನಂಬರ್ ಮತ್ತು ಚಕ್ಕುಬಂದಿ ತಾಳೆಯಾಗುವವರೆಗೆ ಅವರು ಮುಂಗಡವನ್ನೂ ಮುಟ್ಟಲಿಲ್ಲ.

ನಕ್ಷೆಯ ಹಂತದಲ್ಲಿ ಅವರ ಕೆಲಸ ಚೊಕ್ಕವಾಗಿಯೇ ಇತ್ತು. ರಸ್ತೆಯ ಅಗಲದ ಮೇಲೆ ಎಫ್‌ಎಆರ್ ಎಷ್ಟು ದೊರೆಯುತ್ತದೆ, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬುದನ್ನು ನಮ್ಮಂಥವರಿಗೂ ತಿಳಿಯುವಂತೆ ವಿವರಿಸಿದರು. ಉದಾಹರಣೆಗೆ ಎಫ್‌ಎಆರ್ 1.75 ಇದ್ದರೆ 4,800 ಚದರ ಅಡಿಯ ನಿವೇಶನದಲ್ಲಿ 8,400 ಚದರ ಅಡಿ ಕಟ್ಟಬಹುದು. ಆದರೆ ಸುತ್ತಲೂ ಖಾಲಿ ಬಿಡಬೇಕಾದ ಜಾಗ, ಅಂದರೆ ಸೆಟ್‌ಬ್ಯಾಕ್ ಮತ್ತು ಕಾರು ನಿಲ್ಲಿಸುವ ಜಾಗ ಕೂಡಿ ಅದನ್ನು ಎಷ್ಟಕ್ಕೆ ಇಳಿಸುತ್ತವೆ ಎಂಬುದು ಕಾಗದದ ಮೇಲೆ ಅಳತೆ ಹಾಕಿದಾಗಲೇ ಗೊತ್ತಾಗುತ್ತದೆ. ನೆಲಮಹಡಿಯನ್ನು ಪೂರ್ತಿ ಪಾರ್ಕಿಂಗಿಗೆ ಬಿಟ್ಟು, ಮೇಲಿನ ಮೂರು ಮಹಡಿಗಳಲ್ಲಿ ತಲಾ ಎರಡು ಮನೆ ಎಂಬ ಲೆಕ್ಕ ಹಾಗೆ ಹುಟ್ಟಿತು. ನಿವೇಶನ 500 ಚದರ ಮೀಟರಿನೊಳಗೇ ಇದ್ದು ಮನೆಗಳೂ ಎಂಟನ್ನು ಮೀರದ ಕಾರಣ ಕಟ್ಟಿ ಮಾರುವವರ ಯೋಜನೆಗಳನ್ನು ನಿಯಂತ್ರಿಸುವ 2016ರ ರಿಯಲ್ ಎಸ್ಟೇಟ್ (ರೇರಾ) ಕಾಯ್ದೆಯ ನೋಂದಣಿ ನಮಗೆ ಬೇಕಾಗಲಿಲ್ಲ.

ನಾವು ಕೊಟ್ಟ ಶುಲ್ಕಕ್ಕೆ ನಿಜವಾದ ಬೆಲೆ ಸಿಕ್ಕಿದ್ದು ಮಾತ್ರ ಒಂದು ಚಿಕ್ಕ ತಿದ್ದುಪಡಿಯಲ್ಲಿ. ಮೊದಲ ನಕ್ಷೆಯಲ್ಲಿ ಪ್ರತಿ ಮನೆಯ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗ, 93 ಚದರ ಮೀಟರ್ ಆಗಿತ್ತು. ಜಿಎಸ್‌ಟಿಯ ಮೆಟ್ರೊ ನಗರಗಳ ಪಟ್ಟಿಯಲ್ಲಿಲ್ಲದ ನಮ್ಮಂಥ ಊರುಗಳಲ್ಲಿ 90 ಚದರ ಮೀಟರಿನೊಳಗಿನ, 45 ಲಕ್ಷ ರೂಪಾಯಿ ಮೀರದ ಮನೆಯನ್ನು ಕೈಗೆಟಕುವ ಬೆಲೆಯ ಮನೆಯೆಂದು ಪರಿಗಣಿಸಲಾಗುತ್ತದೆ. ನಿರ್ಮಾಣ ಹಂತದಲ್ಲಿ ಮಾರಿದರೆ 2019ರ ಏಪ್ರಿಲ್‌ನಿಂದ ಅದಕ್ಕೆ ಜಿಎಸ್‌ಟಿ ಶೇ 1, ಉಳಿದ ವಾಸದ ಮನೆಗಳಿಗೆ ಶೇ 5. ನಕ್ಷೆ ಬರೆಯುವ ಹುಡುಗಿ ಅಡುಗೆಮನೆಯ ಹಿಂದಿನ ನಾಲ್ಕು ಅಡಿ ಅಗಲ, ಒಂಬತ್ತು ಅಡಿ ಉದ್ದದ ಮುಚ್ಚಿದ ಬಟ್ಟೆ ಒಗೆಯುವ ಜಾಗವನ್ನು ತೋರಿಸಿ, ‘ಇದರ ಹೊರಗೋಡೆ ತೆಗೆದು ಬಾಲ್ಕನಿ ಮಾಡ್ರಿ’ ಎಂದಳು. ಬಾಲ್ಕನಿ ಕಾರ್ಪೆಟ್ ಏರಿಯಾದಲ್ಲಿ ಸೇರುವುದಿಲ್ಲವಾದ್ದರಿಂದ ಅಳತೆ 90ರ ಕೆಳಗೆ ಇಳಿಯಿತು. 40 ಲಕ್ಷದ ಮನೆಯೊಂದಕ್ಕೆ ಕೊಳ್ಳುವವನ ತೆರಿಗೆ 2 ಲಕ್ಷದಿಂದ 40 ಸಾವಿರಕ್ಕೆ ಬರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಅಡುಗೆಮನೆಗೆ ಗಾಳಿ ಬಂದದ್ದು ಮೇಲಿನ ಲಾಭ.

ಇಷ್ಟು ಸೂಕ್ಷ್ಮವಾಗಿ ತೆರಿಗೆ ಬಲ್ಲವರಿಗೆ ವಸತಿ ಯೋಜನೆಗಳ ಬಗ್ಗೆ ಆಸಕ್ತಿಯೇ ಇಲ್ಲದಿರುವುದು ವಿಚಿತ್ರ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ 2.0 ಹಂತದಲ್ಲಿ, ವಾರ್ಷಿಕ ಆದಾಯ 9 ಲಕ್ಷದವರೆಗೆ ಇದ್ದು ದೇಶದಲ್ಲೆಲ್ಲೂ ಪಕ್ಕಾ ಮನೆಯಿಲ್ಲದ ಕುಟುಂಬ 25 ಲಕ್ಷದವರೆಗೆ ಸಾಲ ಪಡೆದು 35 ಲಕ್ಷ ಮೀರದ ಮನೆ ಕೊಂಡರೆ ಗರಿಷ್ಠ 1.80 ಲಕ್ಷ ರೂಪಾಯಿಯ ಬಡ್ಡಿ ಸಹಾಯಧನಕ್ಕೆ ಅರ್ಹವಾಗುತ್ತದೆ. ನಮ್ಮ ಹಿಂಭಾಗದ ಮನೆಗಳ ಅಂದಾಜು ಬೆಲೆ ಈ ಮಿತಿಯ ಅಂಚಿನಲ್ಲೇ ಇತ್ತು. ನಕ್ಷೆಯಲ್ಲೇ ತುಸು ಕಿರಿದು ಮಾಡಿದ್ದರೆ ಮಿತಿಯೊಳಗೆ ಬರುತ್ತಿದ್ದವು. ಕೇಳಿದ್ದಕ್ಕೆ ‘ಅದು ಬ್ಯಾಂಕಿನವರು ನೋಡೋದು’ ಎಂಬ ಉತ್ತರ ಬಂತು. ಬ್ಯಾಂಕಿನವರು ನೋಡುವ ಹೊತ್ತಿಗೆ ಗೋಡೆ ಎದ್ದಿರುತ್ತದೆ.

ಮಣ್ಣು ಪರೀಕ್ಷೆಯನ್ನೂ ಅವರು ಕೇಳಿದರೆ ಮಾತ್ರ ಮಾಡಿಸುತ್ತಾರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನ ಊರಿನಲ್ಲಿ ನಾಲ್ಕು ಅಂತಸ್ತಿನ ಕಟ್ಟಡಕ್ಕೆ ಅದು ಐಚ್ಛಿಕವಾಗಿರಬಾರದು. ಆನ್‌ಲೈನ್‌ನಲ್ಲಿ ಸಲ್ಲಿಸಿದ ನಕ್ಷೆ ಒಮ್ಮೆ ಹಿಂದಿರುಗಿ ಬಂದದ್ದು ಮೆಟ್ಟಿಲಿನ ಗೆರೆಗಳನ್ನು ಕಂಪ್ಯೂಟರ್ ನಕ್ಷೆಯ ತಪ್ಪು ಪದರದಲ್ಲಿ (ಲೇಯರಿನಲ್ಲಿ) ಇಟ್ಟಿದ್ದ ಅವರದೇ ಅಜಾಗರೂಕತೆಯಿಂದ, ಆದರೆ ತಕರಾರಿಲ್ಲದೆ ತಿದ್ದಿ ಕಳಿಸಿದರು.

ದೊಡ್ಡ ದೂರು ಪರವಾನಗಿಯ ನಂತರದ್ದು. ಮಹಾನಗರಪಾಲಿಕೆಗಳ ಕಾಯ್ದೆ 1976ರ 310ನೇ ಕಲಮಿನಡಿ, ಕಟ್ಟಡ ಮುಗಿದ ಮೇಲೆ ವಾಸಕ್ಕೆ ಅನುಮತಿ ಪಡೆಯಬೇಕು. ಎಲ್ಲರ ಬಾಯಲ್ಲಿ ಓಸಿ ಎನಿಸಿಕೊಳ್ಳುವ ಪತ್ರ ಅದೇ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಈ ಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಪರಿಶೀಲಿಸಿಯೇ ಸಾಲ ನೀಡಬೇಕು ಎಂದು ಹೇಳಿದ ಮೇಲೆ ಅದಿಲ್ಲದ ಮನೆ ಮಾರುವುದೂ ಕಷ್ಟ, ಕೊಳ್ಳುವುದೂ ಕಷ್ಟ. ಓಸಿ ಬಂದ ನಂತರ ಮಾರಾಟವಾದ ಮನೆಗೆ ಜಿಎಸ್‌ಟಿಯೂ ಇಲ್ಲ. ಹೀಗಿರುವಾಗ ಮಂಜೂರಾದ ನಕ್ಷೆಯಂತೆಯೇ ಕಟ್ಟಡ ಏಳುತ್ತಿದೆಯೇ ಎಂದು ನೋಡುವ ಕೆಲಸ ನಕ್ಷೆ ಬರೆದವರದೇ ಆಗಿರಬೇಕಿತ್ತು. ಮೊದಲ ಮಹಡಿಯ ಸ್ಲ್ಯಾಬಿಗೆ ಸೆಂಟ್ರಿಂಗ್ ಕಟ್ಟುವಾಗ ಮೇಸ್ತ್ರಿ ಮುಂದಿನ ಬಾಲ್ಕನಿಯನ್ನು ಒಂದಡಿ ಹೊರಕ್ಕೆ, ಸೆಟ್‌ಬ್ಯಾಕಿನೊಳಗೆ ಚಾಚಿಬಿಟ್ಟಿದ್ದ. ‘ಎಲ್ಲಾರೂ ಹಿಂಗೇ ಮಾಡ್ತಾರ್ರಿ’ ಎಂಬುದು ಅವನ ಸಮಜಾಯಿಷಿ. ಕಾಂಕ್ರೀಟ್ ಬೀಳುವ ಮೊದಲು ಅದನ್ನು ಹಿಡಿದವರು ಕಬ್ಬಿಣ ಪರೀಕ್ಷಿಸಲು ಬಂದಿದ್ದ ಸ್ಟ್ರಕ್ಚರಲ್ ಎಂಜಿನಿಯರು. ಸಲಹಾ ಕಚೇರಿಗೆ ಫೋನ್ ಮಾಡಿದಾಗ, ಸ್ಥಳ ಪರಿಶೀಲನೆ ಮತ್ತು ಓಸಿಯ ಅರ್ಜಿ ಪ್ರತ್ಯೇಕ ಕೆಲಸ, ಅದಕ್ಕೆ ಪ್ರತ್ಯೇಕ ಶುಲ್ಕ ಎಂದರು. ಒಪ್ಪಂದದಲ್ಲಿ ಹಾಗೆಯೇ ಇತ್ತೆಂಬುದು ನಿಜ, ಆದರೆ ಮೊದಲ ಭೇಟಿಯಲ್ಲಿ ‘ಎ ಟು ಝೆಡ್ ನಮ್ದೇ ಜವಾಬ್ದಾರಿ’ ಎಂದು ಹೇಳಿದ್ದೂ ಅಷ್ಟೇ ನಿಜ.

ಶುಲ್ಕ ಊರಿನ ಉಳಿದ ಕಚೇರಿಗಳಿಗಿಂತ ಸ್ವಲ್ಪ ಹೆಚ್ಚು. ಆದರೆ ಪಾಲಿಕೆಗೆ ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೊಟ್ಟರು. ನಿರ್ಮಾಣ ವೆಚ್ಚದ ಶೇ 1ರ ಕಾರ್ಮಿಕ ಸೆಸ್ ಯಾವುದು, ಅಭಿವೃದ್ಧಿ ಶುಲ್ಕ ಯಾವುದು ಎಂದು ಬಿಡಿಬಿಡಿಯಾಗಿ ಬರೆದುಕೊಟ್ಟರು, ‘ಮೇಲ್ಖರ್ಚು’ ಎಂಬ ಸಾಲು ಎಲ್ಲಿಯೂ ಇರಲಿಲ್ಲ. ಹಳೆಯ ದಾಖಲೆಗಳ ಗೋಜಲಿರುವ ನಿವೇಶನಕ್ಕೆ ಈ ಕಚೇರಿಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮಂಜೂರಾದ ಲೇಔಟಿನಲ್ಲಿ ದಾಖಲೆಗಳೆಲ್ಲ ಸ್ವಚ್ಛವಾಗಿರುವವರಿಗೆ ಇವರ ಹೆಚ್ಚಿನ ಶುಲ್ಕ ಅನಗತ್ಯ. ಯಾರೇ ಹೋದರೂ ಪಾಯ, ಪ್ರತಿ ಸ್ಲ್ಯಾಬು ಮತ್ತು ಓಸಿ ಈ ಮೂರರ ಹೊಣೆಯನ್ನು ಒಪ್ಪಂದದಲ್ಲೇ ಬರೆಸಿ, ಶುಲ್ಕದ ಕೊನೆಯ ಕಂತನ್ನು ಓಸಿ ಕೈಗೆ ಬರುವವರೆಗೆ ಹಿಡಿದಿಟ್ಟುಕೊಳ್ಳುವುದು ಒಳ್ಳೆಯದು. ಮುಂದಿನ ಸಲಕ್ಕೆ ಅವರು ಇದಕ್ಕೆ ಒಪ್ಪುವುದಾಗಿ ಹೇಳಿದ್ದಾರೆ.