ಬ್ಯಾಕಪ್ ಇತ್ತು, ಅದರೊಳಗೆ ಕನ್ನಡ ಇರಲಿಲ್ಲ

ಹಳೇ ಬ್ಲಾಗು, ಹಳೇ ವೆಬ್ ಪತ್ರಿಕೆ ಇಟ್ಟುಕೊಂಡು "ಬ್ಯಾಕಪ್ ಇದೆ ಬಿಡ್ರೀ" ಅಂತ ಹಾಯಾಗಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನೂ ನಾಲ್ಕು ವರ್ಷ ಹಾಗೇ ಹಾಯಾಗಿದ್ದೆ.

ಮೂವರು ಗೆಳೆಯರು ಸೇರಿ ಒಂದು ಪುಟ್ಟ ವೆಬ್ ಪತ್ರಿಕೆ ನಡೆಸುತ್ತಿದ್ದೆವು. 2008-09ರಲ್ಲಿ ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಅದಕ್ಕೆ ಶರಾವತಿ ಮುಳುಗಡೆಯ ನೆನಪುಗಳನ್ನು ಬರೆದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿಯುವ ಹೊತ್ತಿಗೆ ಅವರ ಊರು, ಅಡಿಕೆ ತೋಟ, ಕಲಿತ ಶಾಲೆ ಎಲ್ಲ ನೀರಿನಡಿಗೆ ಹೋಗಿತ್ತು. ಗೆರೆ ಹಾಳೆಯ ಎರಡೂ ಮಗ್ಗುಲಿಗೆ ನೀಲಿ ಇಂಕಿನಲ್ಲಿ ಬರೆದು ಅಂಚೆಗೆ ಹಾಕುತ್ತಿದ್ದರು. ನಾನು ರಾತ್ರಿ ಊಟ ಮುಗಿಸಿ ಟೈಪ್ ಮಾಡುತ್ತಿದ್ದೆ. ಒಟ್ಟು 23 ಕಂತು. ಟೈಪಾದ ಹಾಳೆಗಳನ್ನು ಒಂದು ಚೀಲದಲ್ಲಿ ಇಟ್ಟಿದ್ದೆ. ಮನೆ ಬದಲಿಸುವಾಗ ಚೀಲ ರದ್ದಿಗೆ ಹೋಯಿತು. ಆಗ ಬೇಸರವೂ ಆಗಲಿಲ್ಲ, "ಇಂಟರ್ನೆಟ್ಟಿನಲ್ಲಿ ಇದೆಯಲ್ಲ" ಅಂದುಕೊಂಡೆ.

2012ರಲ್ಲಿ ಅವರ ಮಗಳು ಫೋನ್ ಮಾಡಿದರು. "ಅಣ್ಣಾ, ಅಪ್ಪಯ್ಯನ ವರ್ಷದ ತಿಥಿಗೆ ಆ ನೆನಪುಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಿಸೋಣ ಅಂತ. ಎಲ್ಲಾ ನಿಮ್ಮ ಹತ್ರ ಇದೆ ಅಲ್ವಾ?"

ತಾಣ ಹಿಂದಿನ ವರ್ಷವೇ ಹೋಗಿತ್ತು. ಆದರೂ ಧೈರ್ಯವಾಗಿ "ಇದೆಯಮ್ಮ, ಪ್ರತಿ ವಾರದ ಬ್ಯಾಕಪ್ ಮೇಲ್‌ನಲ್ಲಿದೆ" ಅಂದೆ. ಫೋನಿಟ್ಟು ಕೊನೆಯ ಫೈಲು ಬಿಚ್ಚಿದೆ. ಹೀಗಿತ್ತು:

???? ?????? 1964????? ???????. ???, ?????, ?????.

ಪುಟಗಟ್ಟಲೆ ಹೀಗೇ. ಪದಗಳ ನಡುವಿನ ಜಾಗ ಸರಿಯಾಗಿದೆ, ಅಲ್ಪವಿರಾಮ ಸರಿಯಾಗಿದೆ, ಇಸವಿಗಳು ನೆಟ್ಟಗೆ ನಿಂತಿವೆ. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಗುರುತಿನ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ. "ಕನ್ನಡ" ಅನ್ನುವ ಪದಕ್ಕೆ ಐದು. ಹಿಂದಿನ ವಾರದ ಫೈಲು ಬಿಚ್ಚಿದೆ, ಅದಕ್ಕೂ ಹಿಂದಿನದು ಬಿಚ್ಚಿದೆ. ಬೆಳಗಿನ ಜಾವ ಮೂರಕ್ಕೆ ಬಿಚ್ಚುವುದನ್ನು ನಿಲ್ಲಿಸಿದೆ.

ನಮಗೆ ಅಕ್ಷರದ ಕಷ್ಟ ಗೊತ್ತಿರಲಿಲ್ಲ ಅಂತೇನಲ್ಲ. 2002ರಲ್ಲಿ ಶುರು ಮಾಡಿದಾಗ ಪುಟದ ನೆತ್ತಿಯಲ್ಲೇ "ಓದಲು ಮೊದಲು ಈ ಫಾಂಟ್ ಇಳಿಸಿಕೊಳ್ಳಿ" ಅಂತ ಹಾಕಿದ್ದೆವು. ಪವನಜರ ವೆಬ್ ಪತ್ರಿಕೆ ವಿಶ್ವಕನ್ನಡ 1996ರಲ್ಲೇ ಬಂದಿತ್ತು, ಕನ್ನಡ ಟೈಪ್ ಮಾಡುವ ಬರಹ ತಂತ್ರಾಂಶ 1998ರಲ್ಲಿ ಬಂತು, ಆಮೇಲೆ ಅಂಥದ್ದೇ ನುಡಿ. ಟೈಪ್ ಮಾಡುವುದಕ್ಕೆ ದಾರಿಯಿತ್ತು, ಓದುವವರಿಗೆ ಕಷ್ಟ. ಸೈಬರ್ ಕೆಫೆಯವನು ಫಾಂಟ್ ಹಾಕಲು ಬಿಡುತ್ತಿರಲಿಲ್ಲ. ಅಮೆರಿಕದಲ್ಲಿ ಆಫೀಸಿನ ಕಂಪ್ಯೂಟರಿನಲ್ಲಿ ಓದುವವರಿಗೆ ಅನುಮತಿಯೇ ಇರಲಿಲ್ಲ. ಫಾಂಟಿಲ್ಲದ ಕಡೆ ನುಡಿಯ "ಕನ್ನಡ" ಹೇಗೆ ಕಾಣುತ್ತಿತ್ತು ಗೊತ್ತಾ? ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಬ್ರಿಟಿಷರ ಪೌಂಡ್ ಗುರುತು, ಹೀಗೆ ಏಳು ಚಿಹ್ನೆ. ತನ್ನಿಂತಾನೇ ಇಳಿಯುವ ಡೈನಮಿಕ್ ಫಾಂಟ್ ಮಾಡಿ ನೋಡಿದೆವು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆಲ್ಲೂ ನಡೆಯಲಿಲ್ಲ. ಲೇಖನವನ್ನೇ ಚಿತ್ರ ಮಾಡಿ ಹಾಕಿದೆವು; ಡಯಲಪ್ಪಿನಲ್ಲಿ ಅದು ಮೇಲಿನಿಂದ ಒಂದೊಂದೇ ಗೆರೆ ಇಳಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು.

2005ರಲ್ಲಿ ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಬಂದೆವು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಅನ್ನುವ ಕನ್ನಡ ಫಾಂಟ್ ಇತ್ತು, ಆದರೆ ಸೆಟ್ಟಿಂಗಿನಲ್ಲಿ ಒಂದು ಟಿಕ್ ಹಾಕಿ ವಿಂಡೋಸ್ ಸಿ.ಡಿ. ತುರುಕದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು. ಆ ಸಿ.ಡಿ. ಎಷ್ಟು ಜನರ ಹತ್ತಿರ ಇತ್ತು ಹೇಳಿ. ಹಳೆಯ ಲೇಖನಗಳನ್ನು ಪರಿವರ್ತಿಸುವಾಗ ಅರ್ಕಾವತ್ತು ಕೈಕೊಟ್ಟಿತು. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ. ಯುನಿಕೋಡಿನಲ್ಲಿ ಉಚ್ಚಾರದ ಹಾಗೆ ರ್ ಮೊದಲು ಬರಬೇಕು. ಇದನ್ನು ಸರಿಪಡಿಸಲು ಸೋಮಾರಿತನ ಪಟ್ಟು ನಮ್ಮ ಗೆಳೆಯ ಅರ್ಕಾವತ್ತಿದ್ದ ಕಡೆಯೆಲ್ಲ ಕನ್ನಡದ ಒಂಬತ್ತನ್ನು ಕೂರಿಸಿಬಿಟ್ಟ. "ಕನಾ೯ಟಕ". ನೋಡೋಕೆ ಚೆಂದ. "ಕರ್ನಾಟಕ" ಅಂತ ಹುಡುಕಿದರೆ ಮಾತ್ರ ನಮ್ಮ ಪತ್ರಿಕೆಯಲ್ಲಿ ಆ ರಾಜ್ಯವೇ ಇರಲಿಲ್ಲ. (ಇಂದಿಗೂ ಹಾಗೆ ಬರೆಯುವವರಿದ್ದಾರೆ. ನಿಲ್ಲಿಸಿ ಮಾರಾಯ್ರೆ.)

ಆಗ ನಾವಿದ್ದದ್ದು ಗೂಗಲ್ಲಿನ ಬಿಟ್ಟಿ ಬ್ಲಾಗ್ ತಾಣ ಬ್ಲಾಗ್‌ಸ್ಪಾಟಿನಲ್ಲಿ. 2006ರ ಜುಲೈನಲ್ಲಿ ಮುಂಬಯಿ ರೈಲು ಸ್ಫೋಟಗಳಾದ ಮೇಲೆ ಸರ್ಕಾರ ಕೆಲವೇ ಪುಟಗಳನ್ನು ತಡೆಯಲು ಹೇಳಿತು. ಇಂಟರ್ನೆಟ್ ಕಂಪನಿಗಳು ಇಡೀ ಬ್ಲಾಗ್‌ಸ್ಪಾಟನ್ನೇ ಮುಚ್ಚಿ ಕೂತವು. ಕೆಲವು ದಿನ ನಮ್ಮ ಪತ್ರಿಕೆ ನಮಗೇ ಕಾಣಲಿಲ್ಲ. "ಇನ್ನೊಬ್ಬರ ಜಗಲಿ ಸಹವಾಸ ಸಾಕು, ಸ್ವಂತ ಮನೆ ಕಟ್ಟೋಣ" ಅಂತ ಹೊರಟೆವು.

ಸ್ವಂತ ಮನೆ ಅಂದರೆ, ಪರಿಚಯದ ಹುಡುಗನೊಬ್ಬ ಸರ್ವರಿನಲ್ಲಿ ಜಾಗ ಮಾರುತ್ತಿದ್ದ. ವರ್ಷಕ್ಕೆ 1500 ರೂಪಾಯಿ, ಡೊಮೇನ್ (ತಾಣದ ವಿಳಾಸ) ಅವನೇ ಕೊಳ್ಳುತ್ತಾನೆ, ತಾಣ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಅವನೇ ಹಾಕುತ್ತಾನೆ, ಬ್ಯಾಕಪ್ ಪ್ರತಿ ಭಾನುವಾರ ನಮ್ಮ ಮೇಲ್‌ಗೆ. ಹುಡುಗ ಕೆಟ್ಟವನಲ್ಲ. ಕೊಟ್ಟ ಮಾತಿನಂತೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ನಾವೂ ಒಂದು ಭಾನುವಾರವೂ ಆ ಫೈಲು ತೆರೆಯಲಿಲ್ಲ.

ಆಗಿದ್ದು ಇಷ್ಟು. ಲೇಖನಗಳನ್ನೆಲ್ಲ ಇಟ್ಟುಕೊಳ್ಳುವ ಡೇಟಾಬೇಸಿನ ಹೆಸರು ಮೈಎಸ್‌ಕ್ಯೂಎಲ್. ಆ ಕಾಲದ ಮೈಎಸ್‌ಕ್ಯೂಎಲ್‌ಗೆ ನಾವು ಬೇರೆ ಹೇಳದಿದ್ದರೆ ಲ್ಯಾಟಿನ್ ಲಿಪಿಯೇ ಲೆಕ್ಕ. 2008ರಲ್ಲಿ ಹುಡುಗ ಹೊಸ ಸರ್ವರಿಗೆ ಹೋದಾಗ ಡೇಟಾಬೇಸನ್ನು ಸರಿಯಾಗಿ, ಯುನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8ಕ್ಕೆ ಬದಲಿಸಿದ, ಹಾಗಾಗಿ ತಾಣದಲ್ಲಿ ಕನ್ನಡ ಲಕಲಕ ಅನ್ನುತ್ತಿತ್ತು. ಬ್ಯಾಕಪ್ ತೆಗೆಯುವ ಸ್ಕ್ರಿಪ್ಟ್ ಮಾತ್ರ ಹಳೆಯದು, ಅದು ಲ್ಯಾಟಿನ್ನಿನಲ್ಲೇ ಕೇಳುತ್ತಿತ್ತು. ಲ್ಯಾಟಿನ್ನಿಗೆ ಒಗ್ಗದ ಪ್ರತಿ ಅಕ್ಷರಕ್ಕೂ ಡೇಟಾಬೇಸು ಒಂದು ಪ್ರಶ್ನೆ ಎಸೆದು ಮುಂದೆ ಹೋಯಿತು. ತಪ್ಪು ಅಂತ ಒಂದು ಸಂದೇಶವೂ ಬರಲಿಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. 2006ರಿಂದ 2008ರವರೆಗಿನ ಫೈಲುಗಳಲ್ಲಿ ಪ್ರಶ್ನಾರ್ಥಕ ಇರಲಿಲ್ಲ, ಬೇರೆ ಥರದ ಕಸ ಇತ್ತು: ಗೆರೆ ಹೊತ್ತ ಚಿಕ್ಕ ಎ, ಪಕ್ಕದಲ್ಲಿ ಮೇಲೆ ಕೂತ ಪುಟ್ಟ 2, ಮತ್ತೆ ಅದೇ ಎ, ಈಗ ಪುಟ್ಟ 3. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರವೂ ಮೂರು ಬೈಟು. ಅದನ್ನು ಲ್ಯಾಟಿನ್ ಅಂತ ಓದಿದರೆ ವ್ಯಂಜನಗಳಿಗೆಲ್ಲ ಆ 2, ಕೊಂಬು ಎತ್ವ ಒತ್ತುಗಳಿಗೆ ಆ 3 ಬರುತ್ತದೆ. ಈ ಕಸ ಕಂಡರೆ ಗಾಬರಿ ಬೇಡ, ಅಳಿಸಲೂ ಬೇಡಿ. ಬೈಟುಗಳು ಕ್ಷೇಮವಾಗಿವೆ, ಗೊತ್ತಿರುವವರು ಒಂದು ಸಂಜೆಯಲ್ಲಿ ಹಿಂದಕ್ಕೆ ತಿರುಗಿಸುತ್ತಾರೆ. ನನ್ನ ಅಕ್ಕನ ಮಗ ತಿರುಗಿಸಿಕೊಟ್ಟ. ಪ್ರಶ್ನಾರ್ಥಕಕ್ಕೆ ಮದ್ದಿಲ್ಲ, ಅಲ್ಲಿ ಮೂಲವೇ ಉಳಿದಿರುವುದಿಲ್ಲ. ಮೇಷ್ಟ್ರ 23 ಕಂತೂ ಬಿದ್ದದ್ದು ಈ ಪ್ರಶ್ನಾರ್ಥಕದ ಕಾಲಕ್ಕೆ.

ಡೊಮೇನಿನ ಕತೆ ಬೇರೆ. ಹುಡುಗ ಅದನ್ನು ತನ್ನ ಹೆಸರಲ್ಲಿ, ತನ್ನ ಇಮೇಲಿಗೆ ಕೊಂಡಿದ್ದ. 2011ರಲ್ಲಿ ಅಂಗಡಿ ಮುಚ್ಚಿ ಬೇರೆ ಕೆಲಸಕ್ಕೆ ಸೇರಿದ, ಆ ಇಮೇಲೂ ಸತ್ತಿತು. ನವೀಕರಿಸಿ ಅನ್ನುವ ನೆನಪೋಲೆಗಳೆಲ್ಲ ಅಲ್ಲಿಗೇ ಹೋದವು. ಡಾಟ್ ಕಾಮ್ ಹೆಸರು ಅವಧಿ ಮುಗಿದ ಕೂಡಲೇ ಕೈಬಿಟ್ಟು ಹೋಗುವುದಿಲ್ಲ. ಸಾಮಾನ್ಯವಾಗಿ ಕೆಲವು ವಾರ ಮಾಮೂಲು ಬೆಲೆಗೇ ಸಿಗುತ್ತದೆ, ಆಮೇಲೆ 30 ದಿನ ದಂಡ ಕಟ್ಟಿದರೆ ಸಿಗುತ್ತದೆ, ಕೊನೆಗೆ 5 ದಿನ ಕಾದು ಸಂತೆಗೆ ಬರುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ಸಂತೆಯೂ ಮುಗಿದಿತ್ತು. ಈಗ ಆ ವಿಳಾಸದಲ್ಲಿ ಇಸ್ಪೀಟು ಜೂಜಿನ ಜಾಹೀರಾತು ಬರುತ್ತದೆ. ನಿಮ್ಮ ಡೊಮೇನ್ ಯಾರ ಹೆಸರಲ್ಲಿದೆ, ಯಾವ ಇಮೇಲಿಗೆ ಕಟ್ಟಿದೆ ಅಂತ ಇವತ್ತೇ ನೋಡಿ. ತಮ್ಮನ ಗೆಳೆಯನ ಹೆಸರಲ್ಲಿದ್ದರೆ ಅದು ತಮ್ಮನ ಗೆಳೆಯನದ್ದು.

ಮಗಳಿಗೆ ನಿಜ ಹೇಳಲು ನಾಲ್ಕು ದಿನ ತೆಗೆದುಕೊಂಡೆ. ಆಕೆ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅಪ್ಪಯ್ಯಂಗೆ ಇದು ಎರಡನೇ ಮುಳುಗಡೆ ಆಯ್ತಲ್ಲ ಅಣ್ಣಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹುಡುಕಾಟ ಶುರುವಾಯಿತು. ಹಳೆಯ ವೆಬ್ ಪುಟಗಳ ನಕಲು ಇಟ್ಟುಕೊಳ್ಳುವ ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಶೀನಿನಲ್ಲಿ ನಮ್ಮ ತಾಣ ಅಲ್ಲಲ್ಲಿ ಸಿಕ್ಕಿತು. ಆದರೆ ಪುಟದ ವಿಳಾಸಗಳನ್ನು ನಾವು ಕನ್ನಡದಲ್ಲೇ ಬಿಟ್ಟಿದ್ದೆವು, ಹೆಮ್ಮೆಗೆ. ವಿಳಾಸದಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಶೇಕಡಾ ಗುರುತುಗಳೆಲ್ಲ ಸೇರಿ ಒಂಬತ್ತು ಜಾಗ ಬೇಕು, ವರ್ಡ್‌ಪ್ರೆಸ್ 200ಕ್ಕೆ ಕತ್ತರಿಸುತ್ತದೆ. "ಮುಳುಗಿದ ಊರಿನ ನೆನಪುಗಳು ಭಾಗ ಏಳು" ಅನ್ನುವುದು "ಭಾ" ಹತ್ತಿರ ತುಂಡಾಗಿ, ಎಲ್ಲ ಕಂತಿಗೂ ಒಂದೇ ವಿಳಾಸ, ಬಾಲದಲ್ಲಿ 2, 3 ಅಂತ ಸಂಖ್ಯೆ. ಮೇಲ್‌ನಲ್ಲಿ ಕಳಿಸಿದಾಗ ಈ ಉದ್ದನೆಯ ಕೊಂಡಿ ಸಾಲಿನ ಕೊನೆಗೆ ಮುರಿಯುತ್ತಿತ್ತು ಬೇರೆ. ಏಗಿ ಏಗಿ 9 ಕಂತು ಪೂರ್ತಿ ಸಿಕ್ಕಿದವು.

ಓದುಗರೊಬ್ಬರು ಇಮೇಲ್ ಚಂದಾದಾರರಾಗಿದ್ದರು, ಒಂದೂ ಮೇಲ್ ಅಳಿಸಿರಲಿಲ್ಲ. ಕುಣಿದಾಡಿಬಿಟ್ಟೆ. ಆಮೇಲೆ ನೆನಪಾಯಿತು: ಜನ ತಾಣಕ್ಕೇ ಬರಲಿ, ಹಿಟ್ ಕೌಂಟರ್ ಓಡಲಿ ಅಂತ, ಚಂದಾದಾರರಿಗೆ ಹೋಗುವ ಫೀಡಿನಲ್ಲಿ ಪೂರ್ತಿ ಲೇಖನದ ಬದಲು ಸಾರಾಂಶ ಅಂತ ಆರಿಸಿದ್ದು ನಾನೇ. ವರ್ಡ್‌ಪ್ರೆಸ್ಸಿನ ಸಾರಾಂಶ ಅಂದರೆ ಮೊದಲ 55 ಪದ. 14ನೇ ಕಂತಿನಲ್ಲಿ ಮೇಷ್ಟ್ರು ದೋಣಿಯಲ್ಲಿ ಕೂತು ಹಳೇ ಶಾಲೆಯ ಹೆಂಚಿನ ಸೂರು ನೀರಿನ ಮಟ್ಟಕ್ಕೆ ಕಾಣುವುದನ್ನು ನೋಡುತ್ತಿದ್ದಾರೆ, ಪಕ್ಕದಲ್ಲಿದ್ದ ಅವರ ತಾಯಿ ಏನೋ ಹೇಳಲು ಬಾಯಿ ತೆರೆಯುತ್ತಾರೆ, ಅಲ್ಲಿಗೆ ಮೂರು ಚುಕ್ಕಿ. ಟೈಪ್ ಮಾಡಿದವನು ನಾನು. ಆಕೆ ಏನಂದರು ಅಂತ ನನಗೆ ನೆನಪಿಲ್ಲ.

ಶಿವಮೊಗ್ಗದ ಒಬ್ಬರು ಆಫೀಸಿನಲ್ಲಿ ಕದ್ದು ಪ್ರಿಂಟ್ ತೆಗೆದಿಟ್ಟಿದ್ದ ಇನ್ನೆರಡು ಕಂತು ಕೊಟ್ಟರು. ಅಲ್ಲಿಗೆ 11.

ನಿಮ್ಮ ಬ್ಯಾಕಪ್ ಫೈಲನ್ನು ಈಗ ನೋಟ್‌ಪ್ಯಾಡಿನಲ್ಲಿ ತೆರೆದು "ಕರ್ನಾಟಕ" ಅಂತ ಹುಡುಕಿ. ಅರ್ಕಾವತ್ತು, ದೀರ್ಘ ಎರಡೂ ಆ ಪದದಲ್ಲಿವೆ, ಸಿಕ್ಕರೆ ಬಹುಮಟ್ಟಿಗೆ ಗೆದ್ದಿರಿ. ಸಿಗದಿದ್ದರೆ ತಾಣ ಇನ್ನೂ ಬದುಕಿರುವಾಗಲೇ ಒಂದೊಂದು ಪುಟವನ್ನೂ ಕೈಯಲ್ಲೇ ನಕಲು ಮಾಡಿ ಇಟ್ಟುಕೊಳ್ಳಿ. ಫೇಸ್‌ಬುಕ್ ಗೋಡೆಯ ಮೇಲೆ ನೇರವಾಗಿ ಕಾದಂಬರಿ ಬರೆಯುತ್ತಿರುವವರಿಗೂ ಇದೇ ಮಾತು.

ಇನ್ನು ನನ್ನ ಕೋರಿಕೆ. 2008-09ರಲ್ಲಿ ಮುಳುಗಡೆಯ ಈ ನೆನಪುಗಳನ್ನು ಓದಿ ಪ್ರಿಂಟ್ ತೆಗೆದವರು, ಪುಟ ಸೇವ್ ಮಾಡಿಕೊಂಡವರು, ಯಾರಿಗಾದರೂ ಪೂರ್ತಿ ಮೇಲ್ ಮಾಡಿದವರು ಇದ್ದರೆ ದಯವಿಟ್ಟು ಹುಡುಕಿ ನೋಡಿ. ಬೇಕಿರುವುದು 4, 7, 8 ಮತ್ತು 13ರಿಂದ 21ರವರೆಗಿನ ಕಂತುಗಳು. 14 ಸಿಕ್ಕರೆ ಉಳಿದದ್ದಕ್ಕೆ ಕಾಯದೆ ಮೊದಲು ಅದನ್ನು ಕಳಿಸಿ.